ಮುಖ ಕಾಣದ ತಾಯಿಗೆ ಕೊಟ್ಟ ಮಾತು

ಮರ್ಫಿಯ ಆ ಮನೆಯಲ್ಲಿ ಊಟದ ಟೇಬಲ್ಲನ್ನು ದಿನಕ್ಕೆ ಒಂಬತ್ತು ಸಲ ಒರೆಸಬೇಕಾಗುತ್ತಿತ್ತು. ತಿಂಡಿ ಮುಗಿದು ಅದು ತರಗತಿಯಾಗುವ ಮುಂಚೆ ಒಂದು ಸಲ. ಹತ್ತೂವರೆಯ ಹಾಲು ಬಿಸ್ಕತ್ತಿನ ಚೂರು ನೋಟ್‌ಬುಕ್ಕಿಗೆ ಅಂಟದಂತೆ ಇನ್ನೊಂದು ಸಲ. ಮಧ್ಯಾಹ್ನ ಪುಸ್ತಕ ಎತ್ತಿ ತಟ್ಟೆ ಇಡುವ ಮುಂಚೆ, ತಟ್ಟೆ ಎತ್ತಿ ಮತ್ತೆ ಪುಸ್ತಕ ಇಡುವ ಮುಂಚೆ. ಹೀಗೆ ರಾತ್ರಿಯವರೆಗೂ. ಒರೆಸುವವಳು ಸರೋಜಾ. ಐದು ವರ್ಷ ಒರೆಸಿದ್ದಳು. ಟೇಬಲ್ಲಿನ ಒಂದು ಮೂಲೆಯಲ್ಲಿ ಪಾಲಿಶ್ ಹೋಗಿ ಮರದ ಬಿಳಿ ಕಾಣಿಸತೊಡಗಿದಾಗ ಅವಳ ಗಂಡ ಉದಯಶಂಕರ, "ಏನ್ ಹಾಕಿ ಉಜ್ಜುತ್ತೀಯಾ ಇದಕ್ಕೆ?" ಎಂದು ಕೇಳಿದ್ದ.

"ನಾವು ಮಕ್ಕಳಿಗೆ ಮನೆಯಲ್ಲೇ ಪಾಠ ಮಾಡ್ತೀವಿ" ಎಂದು ಅವನು ಹೋದಲ್ಲೆಲ್ಲ ಹೇಳುತ್ತಿದ್ದ. ಅವನ ಪಾಲಿನ ಪಾಠ ಶುಕ್ರವಾರ ಸಂಜೆ ಅರ್ಧ ಗಂಟೆಯದು. ಉಳಿದ ಹೊತ್ತು ಅವನು ಮಹಡಿಯ ಕೋಣೆಯಲ್ಲಿ, ಮುಚ್ಚಿದ ಬಾಗಿಲ ಹಿಂದೆ, ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಆಫೀಸಿನ ಕೆಲಸ ಮಾಡುತ್ತಿದ್ದ. ಕಾಫಿಗೆ, ಊಟಕ್ಕೆ, ಮತ್ತೆ ಕಾಫಿಗೆ ಕೆಳಗಿಳಿಯುತ್ತಿದ್ದ. ಶುಕ್ರವಾರ ಮಗನನ್ನು ನಿಲ್ಲಿಸಿಕೊಂಡು ವಾರದಲ್ಲಿ ಕಲಿತದ್ದನ್ನು ಒಪ್ಪಿಸುವಂತೆ ಕೇಳುತ್ತಿದ್ದ. ಹುಡುಗ ತಡವರಿಸಿದರೆ ಅಡಿಗೆಮನೆಯ ಕಡೆ ನೋಡುತ್ತಿದ್ದ.

ಹ್ಯೂಸ್ಟನ್, ಆಸ್ಟಿನ್ನುಗಳಿರುವ ಈ ರಾಜ್ಯದಲ್ಲಿ ಮನೆಯನ್ನೇ ಶಾಲೆ ಮಾಡಿಕೊಳ್ಳಲು ಯಾರ ಅಪ್ಪಣೆಯೂ ಬೇಕಿಲ್ಲ. ಆದರೂ ಉದಯಶಂಕರ ಶಾಲೆಗೊಂದು ಹೆಸರಿಟ್ಟು, ದೀಪದ ಚಿತ್ರ ಹಾಕಿ ಲೆಟರ್‌ಹೆಡ್ ಮಾಡಿಸಿದ್ದ. ಅದರಲ್ಲಿ ಪ್ರಿನ್ಸಿಪಾಲ್ ಎಂದು ಅವನ ಹೆಸರಿತ್ತು. ಟೀಚರ್ ಎಂದು ಯಾರ ಹೆಸರೂ ಇರಲಿಲ್ಲ. ಸರೋಜಾ ಮೈಸೂರಿನ ಸರಸ್ವತಿಪುರಂನ ಒಂದು ಹೈಸ್ಕೂಲಿನಲ್ಲಿ ನಾಲ್ಕು ವರ್ಷ ಭೌತಶಾಸ್ತ್ರ ಪಾಠ ಮಾಡಿದವಳು. ಬಿ.ಎಡ್. ಪ್ರಮಾಣಪತ್ರ ಈಗಲೂ ಸೂಟ್‌ಕೇಸಿನ ಅಡಿಯಲ್ಲಿದೆ. ಮದುವೆಯಾಗಿ ಮೊದಲು ಬಂದದ್ದು ಆಸ್ಟಿನ್ನಿಗೆ, ಅಲ್ಲಿ ಮಗಳು ನಿಖಿತಾ ಹುಟ್ಟಿದಳು. ಅಲ್ಲಿಂದ ಹ್ಯೂಸ್ಟನ್ನಿನ ಸೈಪ್ರೆಸ್ಸಿಗೆ ಶಿಫ್ಟ್ ಆದರು, ಇಶಾನ್ ಹುಟ್ಟಿದ. ಆಮೇಲೆ ಮರ್ಫಿ. ಗಂಡನಿಗೆ ಅವು ಮೂರು ಕೆಲಸ, ಅವಳಿಗೆ ಮೂರು ಒಲೆ. ಯಾವ ಊರು ಹೇಗಿತ್ತು ಎಂದು ಯಾರಾದರೂ ಕೇಳಿದರೆ ಅವಳಿಗೆ ನೆನಪಾಗುವುದು ಯಾವ ಒಲೆಯ ಯಾವ ಬರ್ನರ್ ಸರಿಯಾಗಿ ಉರಿಯುತ್ತಿರಲಿಲ್ಲ ಎಂಬುದು.

ಎರಡು ಸಾವಿರದ ಇಪ್ಪತ್ತರಲ್ಲಿ ಎಲ್ಲರ ಮಕ್ಕಳೂ ಮನೆಯಲ್ಲಿದ್ದರು. ಮರುವರ್ಷ ಎಲ್ಲರ ಮಕ್ಕಳೂ ಬ್ಯಾಗ್ ಹಾಕಿಕೊಂಡು ವಾಪಸು ಹೋದರು. ಇವರ ಮಕ್ಕಳು ಹೋಗಲಿಲ್ಲ. "ಇನ್ನೊಂದು ವರ್ಷ ನೋಡೋಣ" ಎಂದ ಉದಯಶಂಕರ. ಆ ವರ್ಷ ಮುಗಿಯುವ ಹೊತ್ತಿಗೆ ಇದೇ ರಾಜ್ಯದ ಒಂದು ಊರಿನ ಶಾಲೆಯೊಳಗೆ ಗುಂಡು ಹಾರಿತು. ಸರೋಜಾ ಎರಡು ದಿನ ಟಿವಿ ಮುಂದೆ ಕೂತು ಅತ್ತಳು. ಅವಳೂ ಹೆದರಿದ್ದಳು, ಸುಳ್ಳೇಕೆ ಹೇಳಬೇಕು. ಬೇಡ, ಮನೆಯಲ್ಲೇ ಇರಲಿ ಎಂದು ಅವಳೇ ಬಾಯಿಬಿಟ್ಟು ಹೇಳಿದ್ದಳು. ಆ ಒಂದು ಮಾತನ್ನು ಉದಯಶಂಕರ ಆಮೇಲೆ ಎಷ್ಟೋ ಸಲ ಅವಳಿಗೇ ತಿರುಗಿಸಿ ತೋರಿಸಿದ. "ನೀನೇ ತಾನೇ ಹೇಳಿದ್ದು?"

ಭಯ ಕರಗಿತು, ದಿನಚರಿ ಉಳಿಯಿತು. ಮಕ್ಕಳ ಕೂದಲನ್ನು ಅವಳೇ ಗರಾಜಿನಲ್ಲಿ ಕೂರಿಸಿ ಕತ್ತರಿಸಿದಳು. ದಿನಸಿಯನ್ನು ಫೋನಿನಲ್ಲಿ ಆರ್ಡರ್ ಮಾಡಿ, ಅಂಗಡಿಯ ಮುಂದೆ ಕಾರು ನಿಲ್ಲಿಸಿದರೆ ಅವರೇ ಡಿಕ್ಕಿಗೆ ತುಂಬುತ್ತಿದ್ದರು. ಹೊರಗೆ ಎಂದರೆ ಕಾರಿನ ಕಿಟಕಿ, ಶನಿವಾರದ ದೇವಸ್ಥಾನ, ತಿಂಗಳಿಗೊಮ್ಮೆ ಕನ್ನಡ ಬಳಗದ ಸಭೆ. ಬೇರೆಯವರ ಮಕ್ಕಳು ಕನ್ನಡಕ್ಕೆ ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಿದ್ದರು. ಇವರ ಮಕ್ಕಳು ಪುಸ್ತಕದ ಕನ್ನಡ ಮಾತಾಡುತ್ತಿದ್ದರು. ಬಳಗದ ಊಟದಲ್ಲಿ ಹನ್ನೆರಡು ವರ್ಷದ ಇಶಾನ್ ಬಡಿಸುವವರ ಮುಂದೆ ನಿಂತು, "ಮಹನೀಯರೇ, ನನಗೆ ಸ್ವಲ್ಪ ಉಪ್ಪಿನಕಾಯಿಯನ್ನು ಬಡಿಸುವಿರಾ?" ಎಂದರೆ ಹಿರಿಯರು ಕೈ ಮುಗಿಯುವುದೊಂದು ಬಾಕಿ. ಹಿಂದೆ ನಿಂತ ಹುಡುಗರು ಒಬ್ಬರನ್ನೊಬ್ಬರು ಚಿವುಟಿ ನಗುತ್ತಿದ್ದರು. ಇಶಾನ್‌ಗೆ ಅವರು ಯಾಕೆ ನಗುತ್ತಾರೆಂದು ಗೊತ್ತಾಗುತ್ತಿರಲಿಲ್ಲ. ಸರೋಜಾಳಿಗೆ ಗೊತ್ತಾಗುತ್ತಿತ್ತು. ಆ ಕನ್ನಡವನ್ನು ದಿನಾ ಕೂರಿಸಿ ತಿದ್ದಿ ಕಲಿಸಿದವಳು ಅವಳೇ.

ನಿಖಿತಾಳಿಗೆ ಹದಿನೇಳು. ಪಾಠದ ಜೊತೆಗೆ ಅವಳಿಗೆ ಇನ್ನೊಂದು ವಿಷಯ ಹೆಚ್ಚಿಗೆ ಇತ್ತು. ಮಧ್ಯಾಹ್ನ ಪಲ್ಯಕ್ಕೆ ಹೆಚ್ಚುವುದು, ಸಂಜೆ ಡ್ರೈಯರಿನಿಂದ ಬಟ್ಟೆ ತೆಗೆದು ಮಡಿಸುವುದು. ಆ ಹೊತ್ತಿನಲ್ಲಿ ಇಶಾನ್ ಚೆಸ್ ಕಲಿಯುತ್ತಿದ್ದ. ಉದಯಶಂಕರನ ಪಟ್ಟಿಯಲ್ಲಿ ಎರಡಕ್ಕೂ 'ಜೀವನ ಕೌಶಲ' ಎಂದೇ ಹೆಸರಿತ್ತು. ಮಗಳ ಜೀವನಕ್ಕೆ ಒಂದು ಕೌಶಲ, ಮಗನ ಜೀವನಕ್ಕೆ ಇನ್ನೊಂದು. ಸರೋಜಾ ಆ ಪಟ್ಟಿಯನ್ನು ಫ್ರಿಜ್ಜಿನ ಬಾಗಿಲಿಗೆ ತಾನೇ ಅಂಟಿಸಿದ್ದಳು.

ಫೆಬ್ರವರಿಯಲ್ಲಿ ಅವಳಿಗೆ ಜ್ವರ ಬಂತು. ಏಳಲಾಗದಷ್ಟು ಜ್ವರ. ಉದಯಶಂಕರ ಊರಲ್ಲಿರಲಿಲ್ಲ. ಮಕ್ಕಳನ್ನು ಮನೆಯಲ್ಲೇ ಬೆಳೆಸುವ ಬಗ್ಗೆ ಸೈಪ್ರೆಸ್ಸಿನ ಕನ್ನಡದವರಿಗೆ ಭಾಷಣ ಮಾಡಲು ಹೋಗಿದ್ದ. ಮನೆಯಲ್ಲಿ ಮಾತ್ರೆ ಮುಗಿದಿತ್ತು. ನಿಖಿತಾ ಅಮ್ಮನನ್ನು ಕೇಳದೆ ಬಾಗಿಲು ತೆಗೆದು, ಫೋನಿನ ಮ್ಯಾಪ್ ನೋಡಿಕೊಂಡು, ಒಂದೂಕಾಲು ಮೈಲಿ ದೂರದ ಔಷಧಿ ಅಂಗಡಿಗೆ ನಡೆದು ಹೋದಳು. ಮಾತ್ರೆ ಕೊಂಡಳು. ಬರುವಾಗ ಫೋನಿನ ಬ್ಯಾಟರಿ ಮುಗಿಯಿತು. ಫುಟ್‌ಪಾತ್ ಇಲ್ಲದ ದೊಡ್ಡ ರಸ್ತೆಯ ಅಂಚಿನಲ್ಲಿ ಅವಳು ಅತ್ತಿತ್ತ ನೋಡುತ್ತ ನಿಂತಿದ್ದನ್ನು ಕಂಡು ಪೊಲೀಸ್ ಕಾರೊಂದು ನಿಂತಿತು. ಅವಳಿಗೆ ಮನೆಯ ನಂಬರು ಗೊತ್ತಿತ್ತು, ಪಿನ್‌ಕೋಡು ಗೊತ್ತಿತ್ತು. ಮನೆ ಯಾವ ದಿಕ್ಕಿಗಿದೆ ಎಂದು ಮಾತ್ರ ಗೊತ್ತಿರಲಿಲ್ಲ. ಪೊಲೀಸಿನವನು ನಗುನಗುತ್ತಲೇ ತಂದು ಬಿಟ್ಟು ಹೋದ.

ಉದಯಶಂಕರನಿಗೆ ಅದನ್ನು ಇಶಾನ್ ಫೋನಿನಲ್ಲಿ ಹೇಳಿದ. ಉದಯಶಂಕರ ಫೋನನ್ನು ಸರೋಜಾಳಿಗೆ ಕೊಡಲು ಹೇಳಿದ.

"ಒಂದೇ ಒಂದು ದಿನ ನೀನು ಮಲಗಿದ್ದಕ್ಕೆ ಏನಾಯ್ತು ನೋಡಿದ್ಯಾ?"

ಜ್ವರ ಬಿಟ್ಟ ಮೇಲೂ ಆ ಮಾತು ಅವಳನ್ನು ಬಿಡಲಿಲ್ಲ. ಅದರೊಳಗೆ ಒಂದು ನಿಜ ಇತ್ತು, ಹೇಳಿದವನಿಗೂ ತಿಳಿಯದ ನಿಜ. ಈ ಮನೆಯ ಗೋಡೆ ನಿಂತಿರುವುದು ಅವನ ಭಾಷಣದ ಮೇಲಲ್ಲ. ಅವಳು ದಿನಾ ಬೆಳಿಗ್ಗೆ ಆರಕ್ಕೆ ಏಳುವುದರ ಮೇಲೆ ನಿಂತಿದೆ. ಅವಳು ಒಂದು ದಿನ ಮಲಗಿದರೆ ಮಗಳು ಹೊರಗೆ ಹೋಗುತ್ತಾಳೆ.

ಮಾತ್ರೆ ಕೊಟ್ಟು ನೀರಿನ ಲೋಟ ಹಿಡಿದು ಮಂಚದ ಪಕ್ಕ ನಿಂತಾಗ ನಿಖಿತಾ ಹೇಳಿದ್ದಳು. "ಅಮ್ಮಾ, ದೊಡ್ಡ ರಸ್ತೆಯ ಆಚೆ ಒಂದು ಕೊಳವಿದೆ. ಅದರಲ್ಲಿ ಬಾತುಕೋಳಿಗಳಿವೆ. ನಿನಗೆ ಗೊತ್ತಿತ್ತೇ?"

ಏಳು ವರ್ಷ ಆ ಮನೆಯಲ್ಲಿದ್ದ ಸರೋಜಾಳಿಗೂ ಗೊತ್ತಿರಲಿಲ್ಲ.

ನಿಖಿತಾಳಿಗೆ ಆಸ್ಟಿನ್ನಿನ ಯೂನಿವರ್ಸಿಟಿಯಲ್ಲಿ ಸೀಟು ಸಿಕ್ಕಿದ್ದು ಅದೇ ತಿಂಗಳ ಕೊನೆಗೆ. ಫೀಸಿನ ದೊಡ್ಡ ಪಾಲು ಸ್ಕಾಲರ್‌ಶಿಪ್ಪಿನಲ್ಲೇ ಮುಗಿಯುತ್ತಿತ್ತು. ಅರ್ಜಿ ಹಾಕುವಾಗ ಉದಯಶಂಕರ ಬೇಡ ಎಂದಿರಲಿಲ್ಲ. "ಹಾಕ್ಲಿ ಬಿಡು, ನಮ್ಮ ಲೆವೆಲ್ ಏನು ಅಂತ ಗೊತ್ತಾಗತ್ತೆ" ಎಂದಿದ್ದ. ಸೀಟು ಸಿಕ್ಕಿದ ಮೇಲೆ ಸಿಹಿ ಮಾಡಲು ಹೇಳಿದ. ಪಾಯಸ ಕುಡಿದು ಲೋಟ ಕೆಳಗಿಟ್ಟು, "ಆದ್ರೆ ಓದೋದು ಮನೆಯಿಂದಲೇ, ಆನ್‌ಲೈನ್. ಹಾಸ್ಟೆಲ್ಲು ಗೀಸ್ಟೆಲ್ಲು ನಮಗೆ ಸರಿಹೋಗಲ್ಲ" ಎಂದ.

ಹಾಸ್ಟೆಲಿನ ಫಾರಮ್ಮಿಗೆ ಮೇ ಒಂದು ಕೊನೆಯ ದಿನ. ನಿಖಿತಾಳಿಗೆ ಹದಿನೆಂಟು ತುಂಬುವುದು ಸೆಪ್ಟೆಂಬರಿನಲ್ಲಿ, ಆದ್ದರಿಂದ ಮನೆಯವರ ಸಹಿ ಬೇಕು. ಸಹಿಯಾಗದಿದ್ದರೆ ರೂಮಿಲ್ಲ, ರೂಮಿಲ್ಲದಿದ್ದರೆ ಆಸ್ಟಿನ್ ಇಲ್ಲ. ಕೇಳಿದಾಗಲೆಲ್ಲ ಉದಯಶಂಕರ "ನೋಡೋಣ" ಎನ್ನುತ್ತಿದ್ದ. ಏಪ್ರಿಲ್ ಎರಡನೆಯ ವಾರ ಸರೋಜಾ ಇಶಾನ್‌ನ ಗಣಿತದ ಹಾಳೆ ತೆಗೆದುಕೊಳ್ಳಲು ಪ್ರಿಂಟರಿನ ಹತ್ತಿರ ಹೋದಾಗ ಟ್ರೇಯಲ್ಲಿ ಗಂಡನ ಮುಂದಿನ ಭಾಷಣದ ಹಾಳೆಗಳಿದ್ದವು. ಮೇ ಮೂರು, ಶನಿವಾರ, ಮತ್ತೆ ಸೈಪ್ರೆಸ್. ಅದರಲ್ಲೊಂದು ಹಾಳೆಯಲ್ಲಿ ನಿಖಿತಾಳ ಫೋಟೊ, ಅಡ್ಮಿಷನ್ ಪತ್ರದ ಚಿತ್ರ, ಕೆಳಗೆ ದಪ್ಪ ಅಕ್ಷರದಲ್ಲಿ: 'ಸೀಟು ಸಿಕ್ಕಿತು. ಆದರೂ ನಾವು ಮನೆಯನ್ನೇ ಆರಿಸಿಕೊಂಡೆವು.'

ಅವಳು ಆ ಹಾಳೆಯನ್ನು ಹರಿಯಲಿಲ್ಲ. ಇದ್ದ ಹಾಗೆಯೇ ಇಟ್ಟು, ಗಣಿತದ ಹಾಳೆ ತೆಗೆದುಕೊಂಡು ಬಂದು, ಪಾಠ ಮಾಡಿದಳು. ಅವತ್ತಿನ ಸಾರಿಗೆ ಎರಡು ಸಲ ಉಪ್ಪು ಬಿತ್ತು.

ಅದೇ ವಾರ ಬಳಗದ ಪ್ರಹ್ಲಾದ್ ಫೋನ್ ಮಾಡಿದ. ಊರಿನಿಂದ ಬಂದು ಮಕ್ಕಳ ಮನೆಯಲ್ಲಿರುವ ಹಿರಿಯರಿಗಾಗಿ ಲೈಬ್ರರಿಯ ಹಾಲಿನಲ್ಲಿ ತಿಂಗಳಿಗೊಂದು ಸಿನಿಮಾ ಹಾಕುವುದು ಅವನ ಉಸ್ತುವಾರಿ. ಉದಯಶಂಕರ ಊಟ ಮಾಡುತ್ತ ಸ್ಪೀಕರಿನಲ್ಲಿಟ್ಟು ಮಾತಾಡಿದ.

"ಉದಯ್, ಒಂದು ಕ್ಲೀನ್ ಪಿಕ್ಚರ್ ಹೇಳಿ ಮಾರಾಯ್ರೆ. ಹೋದ ಸಲದ್ದರಲ್ಲಿ ಸಡನ್ನಾಗಿ ಒಂದು ಮುತ್ತು ಬಂದು, ನಮ್ಮತ್ತೆ ಎದ್ದು ಹೋಗಿ ಕಾರಲ್ಲಿ ಕೂತ್ಕೊಂಡ್ರು."

"ಇರಾನಿಂದು ಹಾಕಿ. ಅವರಲ್ಲಿ ತಲೆ ಮೇಲಿನ ಬಟ್ಟೆನೂ ಜಾರಲ್ಲ. ನಾನೊಂದು ನೋಡಿಟ್ಟಿದ್ದೀನಿ, ಫ್ಯಾಮಿಲಿ ಸಬ್ಜೆಕ್ಟು."

"ಅದರ ಭಾಷೆ ಯಾರಿಗೆ ಬರತ್ತೆ? ಕೆಳಗೆ ಬರೋ ಇಂಗ್ಲಿಷ್ ಅಕ್ಷರ ಓದೋಕೂ ಆಗಲ್ಲ ಇವರಿಗೆ."

"ಸರೋಜಾ ಕನ್ನಡ ಮಾಡಿ ಮೈಕಲ್ಲಿ ಓದ್ತಾಳೆ. ಅವಳಿಗೇನು, ಮನೇಲೇ ಇರ್ತಾಳಲ್ಲ."

ಸರೋಜಾ ಅವನ ತಟ್ಟೆಗೆ ಮೊಸರು ಹಾಕುತ್ತಿದ್ದಳು.

ಉದಯಶಂಕರ ಆ ಸಿನಿಮಾ ನೋಡಿರಲಿಲ್ಲ. ತಂದೆಯೊಬ್ಬ ಮಕ್ಕಳನ್ನು ಊರಿನ ಕೆಡುಕು ತಾಗದಂತೆ ಬೆಳೆಸುತ್ತಾನೆ ಎಂಬ ಪರಿಚಯದ ಮೊದಲ ಸಾಲು ಓದಿ ಖುಷಿಪಟ್ಟಿದ್ದ. ಸರೋಜಾ ಪೂರ್ತಿ ನೋಡಿದಳು. ಫೋನನ್ನು ಮಿಕ್ಸಿಗೆ ಆನಿಸಿಟ್ಟು, ಚಪಾತಿ ಹಿಟ್ಟಿನ ಕೈಯಾದ್ದರಿಂದ ಮೊಣಕೈಯಿಂದ ನಿಲ್ಲಿಸಿ, ಮೊಣಕೈಯಿಂದ ಮತ್ತೆ ಓಡಿಸಿ, ಹತ್ತು ದಿನ ನೋಡಿದಳು. ಇಶಾನ್‌ನ ಹಳೆಯ ನೋಟ್‌ಬುಕ್ಕಿನ ಉಳಿದ ಹಾಳೆಗಳಲ್ಲಿ ಒಂದೊಂದೇ ಮಾತನ್ನು ಕನ್ನಡದಲ್ಲಿ ಬರೆದಳು.

ಮರುಭೂಮಿಯ ಅಂಚಿನ ಒಂದು ಊರು. ಬಾವಿ ತೋಡುವ ಒಬ್ಬ ಮನುಷ್ಯ. ಬಾವಿ ಕುಸಿದು ತಮ್ಮನನ್ನು ಕಳೆದುಕೊಂಡ ಮೇಲೆ ಅವನು ತನ್ನ ಮೂರು ಮಕ್ಕಳನ್ನು ಎತ್ತರದ ಮಣ್ಣುಗೋಡೆಯೊಳಗೆ ಇಟ್ಟುಕೊಂಡು ಬೆಳೆಸುತ್ತಾನೆ. ಒಂದು ಸಲ ಅವನು ಕಾಲು ಮುರಿದುಕೊಂಡು ದೂರದ ಆಸ್ಪತ್ರೆ ಸೇರುತ್ತಾನೆ, ಮನೆಯಲ್ಲಿ ಹಿಟ್ಟು ಮುಗಿಯುತ್ತದೆ. ಮಕ್ಕಳು ಮೊದಲ ಸಲ ಬಾಗಿಲು ದಾಟುತ್ತಾರೆ. ರೊಟ್ಟಿಯಂಗಡಿಯ ಮುಂದೆ ಜನ ಸಾಲಾಗಿ ನಿಂತಿದ್ದರೆ ದೊಡ್ಡ ಹುಡುಗಿ ನೇರ ಎಲ್ಲರ ಮುಂದೆ ಹೋಗಿ ಕೈಚಾಚುತ್ತಾಳೆ, ಸಾಲು ಎಂದರೇನೆಂದು ಅವಳಿಗೆ ಗೊತ್ತಿಲ್ಲ. ಜನ ಬೈಯುತ್ತಾರೆ. ಅವಳಿಗೆ ಬೈಗುಳವೂ ಹೊಸತು, ಆಶ್ಚರ್ಯದಿಂದ ಕೇಳಿಸಿಕೊಳ್ಳುತ್ತಾಳೆ.

ಮಕ್ಕಳ ತಾಯಿಯೂ ಆ ಮನೆಯಲ್ಲಿದ್ದಾಳೆ. ಆದರೆ ಅವಳ ಮುಖವನ್ನು ಒಮ್ಮೆಯೂ ತೋರಿಸುವುದಿಲ್ಲ. ಕೈ ಮಾತ್ರ. ಹಿಟ್ಟು ನಾದುವ ಕೈ, ಅಕ್ಕಿ ತೊಳೆಯುವ ಕೈ, ಚಿಕ್ಕ ಹುಡುಗನ ಕಾಲಿನ ಮುಳ್ಳು ತೆಗೆಯುವ ಕೈ. ಒಂದೂ ಮಾತಿಲ್ಲ.

ಮೂರನೆಯ ದಿನ ಸರೋಜಾಳಿಗೆ ಸಿಟ್ಟು ಬಂತು. ಬಾವಿ ತೋಡುವವನ ಮೇಲೆ ಬಂದದ್ದಕ್ಕಿಂತ ಹೆಚ್ಚು ಸಿಟ್ಟು ಸಿನಿಮಾ ಮಾಡಿದವನ ಮೇಲೆ ಬಂತು. ಅವನಿಗೆ ತಂದೆಯ ಭಯ ಕಂಡಿದೆ, ಮಕ್ಕಳ ಬೆರಗು ಕಂಡಿದೆ. ಹನ್ನೆರಡು ವರ್ಷ ಆ ಮಕ್ಕಳಿಗೆ ದಿನಾ ರೊಟ್ಟಿ ಬೇಯಿಸಿದವಳು ಅವನಿಗೆ ಗೋಡೆಯ ಜೊತೆಗೇ ಇದ್ದ ಒಂದು ಸಾಮಾನು. ಗೋಡೆಯನ್ನು ಗಂಡಸು ಒಂದು ಸಲ ಕಟ್ಟಿ ಕೈತೊಳೆದುಕೊಂಡ. ಅದರೊಳಗಿನ ಬಟ್ಟೆ ಒಗೆದವರಾರು, ಕಕ್ಕಸು ತೊಳೆದವರಾರು, ಮಕ್ಕಳು ಆಚೆಗೆ ಹೋಗಬೇಕೆಂದು ಅತ್ತಾಗ ಕಥೆ ಹೇಳಿ ಸುಮ್ಮನಿರಿಸಿದವರಾರು? ಆಮೇಲೆ ಅವಳಿಗೆ ಇನ್ನೊಂದು ಯೋಚನೆ ಬಂದು, ಲಟ್ಟಣಿಗೆ ಹಿಡಿದ ಕೈ ನಿಂತಿತು. ಒಳಗಿನಿಂದ ಆ ಬಾಗಿಲ ಚಿಲಕ ಹಾಕುತ್ತಿದ್ದದ್ದೂ ಅದೇ ಕೈ. ಸಿನಿಮಾದಲ್ಲಿ ಅದನ್ನೂ ತೋರಿಸಿದ್ದರು. ರೊಟ್ಟಿ ಬೇಯಿಸಿದ ಕೈ ಹಿಟ್ಟನ್ನು ಒರೆಸಿಕೊಂಡು ಚಿಲಕ ಹಾಕುತ್ತದೆ.

ಕೊನೆಯಲ್ಲಿ ಮಕ್ಕಳು ಮೂವರೂ ಬಸ್ಸು ನೋಡಲು ಹೊರಡುತ್ತಾರೆ. ದೊಡ್ಡವಳು ಬಾಗಿಲಲ್ಲಿ ತಿರುಗಿ, "ಅಮ್ಮಾ, ನೀನು ಬರುವುದಿಲ್ಲವೇ?" ಎಂದು ಕೇಳುತ್ತಾಳೆ. ಕತ್ತಲೆ ತುಂಬಿದ ಬಾಗಿಲನ್ನು ಅರ್ಧ ನಿಮಿಷ ತೋರಿಸುತ್ತಾರೆ. ಉತ್ತರವಿಲ್ಲ. ಅಲ್ಲಿಗೆ ಮುಗಿಯಿತು.

ಸರೋಜಾ ಪ್ರಶ್ನೆಯನ್ನು ನೋಟ್‌ಬುಕ್ಕಿನಲ್ಲಿ ಬರೆದಳು. ಅದರ ಕೆಳಗೆ ಬರೆಯಲು ಏನೂ ಇರಲಿಲ್ಲ.

ಏಪ್ರಿಲ್ ಕೊನೆಯ ಭಾನುವಾರ ಮಧ್ಯಾಹ್ನ ಹಾಲಿನಲ್ಲಿ ನಲವತ್ತು ಜನರಿದ್ದರು. ಸರೋಜಾ ಪರದೆಯ ಪಕ್ಕ ಮೈಕ್ ಹಿಡಿದು ಕೂತಳು. ಮುಂದಿನ ಸಾಲಿನಲ್ಲಿ ಶಾಲು ಹೊದ್ದು ಕೂತವರು ವಿಜಯಮ್ಮ. ಧಾರವಾಡದವರು, ಫ್ರಿಸ್ಕೋದಲ್ಲಿರುವ ಮಗಳ ಮನೆಗೆ ಬಂದು ನಾಲ್ಕು ತಿಂಗಳಾಗಿತ್ತು. ಎರಡನೆಯ ಸಾಲಿನ ಕೊನೆಯಲ್ಲಿ ನಿಖಿತಾ, ಇಶಾನ್. ಹಿಂದೆ ಗೋಡೆಗೊರಗಿ ಉದಯಶಂಕರ.

ಮೊದಲ ಹತ್ತು ನಿಮಿಷಕ್ಕೇ ವಿಜಯಮ್ಮ ಜೋರಾಗಿ ಕೇಳಿದರು.

"ಆಕಿ ಮಾರಿ ಯಾಕ ತೋರಸವಲ್ರು?"

"ತೋರಿಸೋದೇ ಇಲ್ಲ ವಿಜಯಮ್ಮ. ಕೈ ಮಾತ್ರ" ಎಂದಳು ಸರೋಜಾ ಮೈಕಿನಲ್ಲೇ.

"ಕೈ ನೋಡಿದ್ರ ಗೊತ್ತಾಗ್ತದ ಬಿಡ್ರಿ. ಹಿಟ್ಟು ನಾದೂದು ಛಲೋ ನಾದ್ತಾಳ."

ಹುಡುಗಿ ಸಾಲಿನ ಮುಂದೆ ಹೋಗಿ ನಿಂತಾಗ ಹಾಲೆಲ್ಲ ನಕ್ಕಿತು. ನಿಖಿತಾ ನಗಲಿಲ್ಲ. ಇಶಾನ್ ಅಕ್ಕನ ಕಿವಿಯಲ್ಲಿ ಏನೋ ಕೇಳಿದ, ಅವಳು ಪರದೆಯಿಂದ ಕಣ್ಣು ತೆಗೆಯದೆ ತಲೆಯಾಡಿಸಿದಳು. ಬಾವಿಯವನು ಆಸ್ಪತ್ರೆಯಿಂದ ಬಂದು ಹೆಂಡತಿಗೆ, "ನಿನ್ನ ಕೈಯಲ್ಲಿ ಬಿಟ್ಟುಹೋಗಿದ್ದೆನಲ್ಲ" ಎಂದು ಕೂಗುವ ದೃಶ್ಯ ಬಂತು. ಸರೋಜಾ ಅದನ್ನು ಓದಿದಳು. ಹಿಂದಿನ ಗೋಡೆಯ ಹತ್ತಿರ ಉದಯಶಂಕರ ಕಾಲು ಬದಲಿಸಿ ನಿಂತ.

ಬಸ್ಸು ಬಂತು. ಹುಡುಗಿ ಬಾಗಿಲಲ್ಲಿ ತಿರುಗಿದಳು.

"ಅಮ್ಮಾ, ನೀನು ಬರುವುದಿಲ್ಲವೇ?" ಸರೋಜಾ ಓದಿದಳು.

ಕತ್ತಲೆ ಬಾಗಿಲು. ಮೈಕಿನ ಸಣ್ಣ ಗುಂಯ್ ಸದ್ದು. ನಲವತ್ತು ಜನ ಅವಳ ಕಡೆ ಕಿವಿಯಿಟ್ಟು ಕಾದರು. ನೋಟ್‌ಬುಕ್ಕಿನ ಹಾಳೆ ಖಾಲಿಯಿತ್ತು.

"ಬರ್ತೀನಿ" ಎಂದಳು ಸರೋಜಾ. "ತಡಿ, ಚಪ್ಪಲಿ ಹಾಕ್ಕೊಂಡು ಬರ್ತೀನಿ. ಒಲೆ ಆರಿಸಿದೀನಿ."

"ಬಾ ಮತ್ತ, ಲಗೂನ ಬಾ" ಎಂದರು ವಿಜಯಮ್ಮ ಪರದೆಗೆ.

ದೀಪಗಳು ಹತ್ತಿಕೊಂಡವು. ಹಿರಿಯರು ಚಪ್ಪಾಳೆ ತಟ್ಟಿದರು. ನಿಖಿತಾ ಎದ್ದು ನಿಂತು ಅಮ್ಮನನ್ನೇ ನೋಡುತ್ತಿದ್ದಳು. ಪರದೆಯ ಕೆಳಗಿನ ಇಂಗ್ಲಿಷನ್ನು ಅವಳು ಓದಿದ್ದಳು. ಅಲ್ಲಿ ಏನೂ ಇರಲಿಲ್ಲವೆಂದು ಅವಳಿಗೆ ಗೊತ್ತಿತ್ತು.

ಸರೋಜಾ ಮೈಕ್ ಇಟ್ಟು ಚಹಾ ಬಗ್ಗಿಸಲು ಹೋದಳು. ಅದೂ ಅವಳ ಪಾಲಿನದೇ. ವಿಜಯಮ್ಮ ಕಪ್ಪು ತೆಗೆದುಕೊಳ್ಳುತ್ತ, "ಕಡಿಗಿ ಬಂದ್ಲಲ್ರಿ ಆಕಿ. ಇಲ್ಲಂದ್ರ ನನಗ ರಾತ್ರಿ ನಿದ್ದಿ ಹತ್ತತಿದ್ದಿಲ್ಲ" ಎಂದರು.

ಕಾರು ಎರಡು ಸಿಗ್ನಲ್ ದಾಟಿತು.

"ಆ ಲಾಸ್ಟ್ ಡೈಲಾಗ್ ಎಲ್ಲಿಂದ ಬಂತು?" ಉದಯಶಂಕರ ಕೇಳಿದ.

"ನಾನು ಹಾಕಿದ್ದು."

"ಸ್ಕ್ರೀನ್ ಮೇಲೆ ಇರ್ಲಿಲ್ಲ."

"ಇರ್ಲಿಲ್ಲ."

"ಇಲ್ಲದ್ದನ್ನ ಸೇರಿಸಿ ಹೇಳಿದ್ರೆ ಮೋಸ ಅಲ್ವಾ ಅದು? ವಯಸ್ಸಾದವರು ನಂಬ್ಕೊಂಡು ಕೂತಿರ್ತಾರೆ."

"ಮೋಸನೇ. ನೀವು ಶನಿವಾರ ಸೈಪ್ರೆಸ್ಸಲ್ಲಿ ಹೇಳೋದು?"

ಅವನು ಕನ್ನಡಿಯಲ್ಲಿ ಹಿಂದಿನ ಸೀಟು ನೋಡಿದ.

"'ನಾವು ಮನೆಯನ್ನೇ ಆರಿಸಿಕೊಂಡೆವು' ಅಂತ ಬರೆದಿದ್ದೀರಲ್ಲ. ನಿಮ್ಮ ಮಗಳು ಇಲ್ಲೇ ಕೂತಿದ್ದಾಳೆ. ಆರಿಸಿಕೊಂಡಳಾ ಅಂತ ಕೇಳಿ."

"ಮಕ್ಕಳ ಮುಂದೆ ಬೇಡ ಸರೋಜಾ."

"ಮಕ್ಕಳ ಮುಂದೆ ಅಲ್ದೆ ಇನ್ಯಾರ ಮುಂದೆ? ಐದು ವರ್ಷದಿಂದ ನನ್ನ ಮುಂದೆ ಇರೋದು ಅವರಿಬ್ಬರೇ."

"ಅಪ್ಪಾ" ಎಂದಳು ನಿಖಿತಾ ಹಿಂದಿನಿಂದ, ಮೆತ್ತಗೆ, ಅದೇ ಪುಸ್ತಕದ ಕನ್ನಡದಲ್ಲಿ. "ನಾನು ಆರಿಸಿಕೊಳ್ಳಲಿಲ್ಲ. ನಾನು ಆಸ್ಟಿನ್ನಿಗೆ ಹೋಗಲು ಬಯಸುತ್ತೇನೆ. ಇದನ್ನು ನಿಮಗೆ ನಾಲ್ಕು ಬಾರಿ ತಿಳಿಸಿದ್ದೇನೆ."

"ಸೇಫ್ಟಿ ಅನ್ನೋದು ಒಂದಿದೆ, ಕಂದ. ನಿಂಗೆ ರಸ್ತೆ ದಾಟೋಕೆ ಬರಲ್ಲ."

"ಯಾಕೆ ಬರಲ್ಲ?" ಎಂದಳು ಸರೋಜಾ. ಅವಳ ಧ್ವನಿ ಏರಲಿಲ್ಲ. "ಕ್ಯಾಲ್ಕುಲಸ್ ಬರತ್ತೆ. ಒಬ್ಬಟ್ಟು ತಟ್ಟೋಕೆ ಬರತ್ತೆ. ನಿಮ್ಮ ಶರ್ಟ್ ಕಾಲರ್ ಹೇಗೆ ಇಸ್ತ್ರಿ ಮಾಡ್ಬೇಕು ಅಂತ ಬರತ್ತೆ. ರಸ್ತೆ ದಾಟೋದು ಮಾತ್ರ ಯಾಕೆ ಬರಲ್ಲ? ಅದು ಸಿಲಬಸ್ಸಲ್ಲಿ ಇರ್ಲಿಲ್ಲ. ಸಿಲಬಸ್ ಯಾರು ಮಾಡಿದ್ದು, ಪ್ರಿನ್ಸಿಪಾಲರೇ?"

ಇಶಾನ್ ಫಕ್ಕನೆ ನಕ್ಕುಬಿಟ್ಟ. ಆಮೇಲೆ ಹೆದರಿ ಬಾಯಿ ಮುಚ್ಚಿಕೊಂಡ.

ಮನೆಗೆ ಬಂದು ಉದಯಶಂಕರ ಮಹಡಿ ಹತ್ತಿದ. ಸರೋಜಾ ಸೀರೆಯನ್ನೂ ಬದಲಿಸದೆ ಊಟದ ಟೇಬಲ್ಲಿಗೆ ಕೂತು ಲ್ಯಾಪ್‌ಟಾಪ್ ತೆರೆದಳು. ನಿಖಿತಾ ಪಕ್ಕದಲ್ಲಿ ನಿಂತು ಫಾರಮ್ ತೋರಿಸಿದಳು. ಸಹಿಯ ಜಾಗದ ಮೇಲೆ 'ತಂದೆ ಅಥವಾ ತಾಯಿ' ಎಂದಿತ್ತು. ಸರೋಜಾ ಅದನ್ನು ಎರಡು ಸಲ ಓದಿದಳು. ಈ ಮನೆಗೆ ಬಂದ ಎಲ್ಲ ಫಾರಮ್ಮುಗಳಲ್ಲೂ ಹೀಗೆಯೇ ಇತ್ತು. ಆಸ್ಪತ್ರೆಯದರಲ್ಲಿ, ಲೈಬ್ರರಿ ಕಾರ್ಡಿನದರಲ್ಲಿ, ಮಕ್ಕಳನ್ನು ಶಾಲೆಯಿಂದ ಬಿಡಿಸಿದ ಪತ್ರದಲ್ಲಿ. ಎಲ್ಲವನ್ನೂ ತುಂಬಿದವಳು ಅವಳು. ತುಂಬಿ, ಸಹಿಯ ಜಾಗ ಖಾಲಿ ಬಿಟ್ಟು, ಮಹಡಿಗೆ ಕಳಿಸಿದವಳೂ ಅವಳು. ಸಹಿ ಮಾಡಬೇಡ ಎಂದು ಯಾರೂ ಹೇಳಿರಲಿಲ್ಲ. ಹೇಳುವ ಅಗತ್ಯ ಬಿದ್ದಿರಲಿಲ್ಲ. ಅವಳಿಗೆ ಆ ಕ್ಷಣದ ಸಿಟ್ಟಿನಲ್ಲಿ ಅರ್ಧ ತನ್ನ ಮೇಲೆಯೇ ಇತ್ತು.

ಅವಳು ತನ್ನ ಪೂರ್ತಿ ಹೆಸರು ಟೈಪ್ ಮಾಡಿ 'ಕಳಿಸು' ಒತ್ತಿದಳು. ಎರಡು ನಿಮಿಷವೂ ಹಿಡಿಯಲಿಲ್ಲ.

ಉದಯಶಂಕರ ಎಂಟು ಗಂಟೆಗೆ ಊಟಕ್ಕೆ ಇಳಿದ. ಟೇಬಲ್ಲಿನ ಮೇಲೆ ತಟ್ಟೆಯಿರಲಿಲ್ಲ, ಲ್ಯಾಪ್‌ಟಾಪ್ ಇತ್ತು. ಅವನು ಪರದೆ ನೋಡಿದ, ನಿಂತೇ ಓದಿದ.

"ಕೇಳದೆ ಮಾಡಿಬಿಟ್ಯಾ?"

"ಎರಡು ತಿಂಗಳು ಕೇಳಿದ್ವಿ."

"ಶನಿವಾರ ನೂರು ಜನ ಬರ್ತಾರೆ ಅಲ್ಲಿ. ಏನು ಹೇಳ್ಲಿ ನಾನು?"

"ಟೀಚರ್ ಕೆಲಸ ಬಿಟ್ಟು ಹೋದ್ರು ಅಂತ ಹೇಳಿ" ಎಂದಳು ಸರೋಜಾ. "ಇಶಾನ್ ಆಗಸ್ಟಿಂದ ಶಾಲೆಗೆ ಹೋಗ್ತಾನೆ. ಆ ಫಾರಮ್ಮಿಗೂ ನಾನೇ ಸಹಿ ಮಾಡ್ತೀನಿ."

"ನಾಳೆ ಅಲ್ಲಿ ಏನಾದ್ರೂ ಆದ್ರೆ?"

ಅದು ಭಾಷಣದ ಮಾತಾಗಿರಲಿಲ್ಲ. ಅವನ ಮುಖ ನಿಜವಾಗಿಯೂ ಬಿಳಿಚಿತ್ತು. ಸರೋಜಾಳಿಗೆ ಅದು ಕಾಣದೆ ಇರಲಿಲ್ಲ.

"ನಂಗೂ ಭಯ ಇದೆ" ಎಂದಳು. "ನಿಮ್ಮ ಭಯವನ್ನ ಅಡಿಗೆ ಮಾಡಿ, ಬಟ್ಟೆ ಒಗೆದು ಐದು ವರ್ಷ ಸಾಕಿದ್ದೀನಿ. ಇನ್ನು ನೀವೇ ಸಾಕಿ."

ಅವನು ಸೈಪ್ರೆಸ್ಸಿಗೆ ಹೋದನೋ, ಏನು ಹೇಳಿದನೋ, ಅವಳು ಕೇಳಲಿಲ್ಲ. ಮೇ, ಜೂನ್ ಪೂರ್ತಿ ಅವನು ಅವಳೊಡನೆ ಮಾತಾಡಿದ್ದು ಮಕ್ಕಳ ಮೂಲಕ. ಅವಳು ಸಂಜೆ ಸಂಜೆ ಮಕ್ಕಳಿಬ್ಬರನ್ನೂ ದೊಡ್ಡ ರಸ್ತೆಯ ಸಿಗ್ನಲ್ಲಿಗೆ ಕರೆದುಕೊಂಡು ಹೋಗಿ, ಗುಂಡಿ ಒತ್ತಿ, ಬಿಳಿ ಮನುಷ್ಯನ ಚಿತ್ರ ಹತ್ತಿಕೊಳ್ಳುವವರೆಗೆ ಕಾದು ದಾಟುವುದನ್ನು ಕಲಿಸಿದಳು. ಕೊಳದ ಹತ್ತಿರ ಕೂತು ವಾಪಸು ಬರುತ್ತಿದ್ದರು. ಅಷ್ಟು ಹೊತ್ತು ಮನೆಯಲ್ಲಿ ಬಟ್ಟೆ ಡ್ರೈಯರಿನಲ್ಲೇ ಬಿದ್ದಿರುತ್ತಿತ್ತು. ಉದಯಶಂಕರ ತನ್ನದನ್ನು ಮಾತ್ರ ಹುಡುಕಿ ತೆಗೆದುಕೊಳ್ಳುವುದನ್ನು ಕಲಿತ. ಮಡಿಸುವುದನ್ನು ಕಲಿಯಲಿಲ್ಲ.

ಆಗಸ್ಟಿನಲ್ಲಿ ಆಸ್ಟಿನ್ನಿಗೆ ಹೊರಟ ದಿನ ಅವನು ಬರುವುದಿಲ್ಲ ಎಂದ. ಕಾರಿಗೆ ಪೆಟ್ಟಿಗೆಗಳನ್ನು ಇಟ್ಟುಕೊಟ್ಟ, ಟೈರಿಗೆ ಗಾಳಿ ನೋಡಿದ, ಒಳಗೆ ಹೋದ. ದೇವಸ್ಥಾನ, ದಿನಸಿ ಅಂಗಡಿಗಳಾಚೆ ಡ್ರೈವ್ ಮಾಡಿರದ ಸರೋಜಾ ಮಕ್ಕಳಿಬ್ಬರನ್ನೂ ಕೂರಿಸಿಕೊಂಡು ಲಾರಿಗಳ ನಡುವೆ ನಾಲ್ಕೂವರೆ ಗಂಟೆ ಓಡಿಸಿದಳು. ನಡುವೆ ಎರಡು ಸಲ ತಪ್ಪು ದಾರಿ ಹಿಡಿದು ಹೆದ್ದಾರಿಯಿಂದ ಹೊರಗೆ ಇಳಿದಳು, ಮತ್ತೆ ಹತ್ತಿದಳು. ಬಿಸಿಲಿನಲ್ಲಿ ರಸ್ತೆ ನೀರಿನ ಹಾಗೆ ಹೊಳೆಯುತ್ತಿತ್ತು.

ಹಾಸ್ಟೆಲಿನ ಮುಂದೆ ಕಾರು ನಿಂತದ್ದೇ ನಿಖಿತಾ ಇಳಿದಳು. ಸರೋಜಾ ಬರಿಗಾಲಿನಲ್ಲಿ ಡ್ರೈವ್ ಮಾಡುವವಳು. ಸೀಟಿನ ಕೆಳಗೆ ಜಾರಿಹೋಗಿದ್ದ ಚಪ್ಪಲಿಯನ್ನು ಕಾಲಿನಿಂದ ಹುಡುಕಿ ಹಾಕಿಕೊಂಡು ಇಳಿಯುವಷ್ಟರಲ್ಲಿ ಮಗಳು ಅಂಗಳ ದಾಟಿದ್ದಳು. ಮರದ ನೆರಳಿನಲ್ಲಿ ರೂಮಿನ ಕೀಲಿ ಕೊಡುವ ಮೇಜಿತ್ತು. ಮೇಜಿನ ಮುಂದೆ ಹದಿನೈದು ಇಪ್ಪತ್ತು ಮಕ್ಕಳು ಸಾಲಾಗಿ ನಿಂತಿದ್ದರು. ನಿಖಿತಾ ನೇರ ಹೋಗಿ ಎಲ್ಲರ ಮುಂದೆ ನಿಂತಳು.

ಸರೋಜಾಳ ಕಾಲು ತಾನಾಗಿ ಮುಂದೆ ಹೊರಟಿತು. ಅವಳು ಅದನ್ನು ತಡೆದಳು.

ಸಾಲಿನಲ್ಲಿದ್ದ ಒಬ್ಬಳು ಹುಡುಗಿ ಏನೋ ಹೇಳಿ ಹಿಂದಕ್ಕೆ ಕೈತೋರಿಸಿದಳು. ನಿಖಿತಾ ತಿರುಗಿ ನೋಡಿದಳು, ಹಣೆ ಹೊಡೆದುಕೊಂಡು ನಕ್ಕಳು, ಹೋಗಿ ಕೊನೆಯಲ್ಲಿ ನಿಂತಳು. ಅವಳ ಮುಂದಿದ್ದ ಹುಡುಗಿ ಹಿಂದೆ ತಿರುಗಿ ಮಾತಾಡಿಸತೊಡಗಿದಳು.

ಇಷ್ಟೇ. ಮೂರು ಸೆಕೆಂಡಿನ ಪಾಠ. ಬಿಸಿಲಿನಲ್ಲಿ ನಿಂತ ಸರೋಜಾಳಿಗೆ ಸಂತೋಷವಾಗಬೇಕಿತ್ತು, ಆಯಿತು ಕೂಡ. ಆದರೆ ಅದಕ್ಕಿಂತ ಮುಂಚೆ ಸಿಟ್ಟು ಬಂತು, ಕಣ್ಣು ಉರಿಯುವಷ್ಟು. ಈ ಮೂರು ಸೆಕೆಂಡಿನಿಂದ ಮಗಳನ್ನು ಕಾಪಾಡಲು ಅವಳ ಐದು ವರ್ಷದ ಬೆಳಗು, ಐದು ವರ್ಷದ ಮಧ್ಯಾಹ್ನ ಖರ್ಚಾಗಿದ್ದವು.

"ಅಮ್ಮಾ, ನನಗೆ ಹಸಿವಾಗುತ್ತಿದೆ" ಎಂದ ಇಶಾನ್ ಪಕ್ಕಕ್ಕೆ ಬಂದು. "ಚಪಾತಿಯ ಡಬ್ಬಿಯನ್ನು ಎಲ್ಲಿಟ್ಟಿರುವೆ?"

"ತಂದಿಲ್ಲ."

ಅವನಿಗೆ ಅರ್ಥವಾಗಲಿಲ್ಲ. ಅವಳು ರಸ್ತೆಯಾಚೆ ನಿಂತಿದ್ದ ತಿಂಡಿಯ ಗಾಡಿಯನ್ನು ತೋರಿಸಿದಳು. ಅಲ್ಲಿಯೂ ನಾಲ್ಕು ಜನ ಸಾಲಿನಲ್ಲಿದ್ದರು.

"ಹೋಗಿ ಏನಾದ್ರೂ ತಗೊಂಡ್ ಬಾ. ಮಾಂಸ ಇಲ್ಲದ್ದು ಅಂತ ಹೇಳು. ನಂಗೂ ಒಂದು."

"ನಾನೊಬ್ಬನೇ?"

"ಸಿಗ್ನಲ್ ನೋಡ್ಕೊಂಡು ದಾಟು."

ಅವನು ಹೋದ. ಗುಂಡಿ ಒತ್ತಿ ಕಾದ. ಸರೋಜಾ ಅಂಗಳದ ಕಲ್ಲುಬೆಂಚಿನ ಮೇಲೆ ಕೂತಳು. ಬೆಂಚಿನ ಮೇಲೆ ಯಾರೋ ಚೆಲ್ಲಿದ ಕಾಫಿಯ ಕಲೆಯಿತ್ತು. ಅವಳ ಕೈ ಸೆರಗಿನ ತುದಿ ಹಿಡಿದು ಅದರ ಕಡೆಗೆ ಹೋಯಿತು. ನಡುವೆ ನಿಂತಿತು. ಅವಳು ಕೈಯನ್ನು ವಾಪಸು ತೊಡೆಯ ಮೇಲಿಟ್ಟುಕೊಂಡು, ಮಗನಿಗೆ ಬಿಳಿ ಮನುಷ್ಯನ ಚಿತ್ರ ಹತ್ತಿಕೊಳ್ಳುವುದನ್ನು ನೋಡುತ್ತ ಕೂತಳು.